ಕುರ್ಚಿಯ ಮೇಲಿನ ಸ್ವೆಟರ್

ಸ್ವೆಟರಿನ ಒಂದು ತೋಳನ್ನು ಒಳಮುಖ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದಳು. ಎರಡೂ ತೋಳು ನೀಟಾಗಿ ಇಳಿಬಿದ್ದರೆ ಬೆಳಿಗ್ಗೆಯಿಂದ ಅಲ್ಲೇ ತೂಗುತ್ತಿದೆ ಅನ್ನಿಸುತ್ತದೆ. ಒಂದು ತೋಳು ತಿರುಗಿಕೊಂಡಿದ್ದರೆ, ಸೆಕೆಯೆಂದು ಈಗಷ್ಟೇ ಬಿಚ್ಚಿಟ್ಟು ಎದ್ದು ಹೋದ ಹಾಗೆ ಕಾಣುತ್ತದೆ. ಇದು ಅವಳೇ ಕಂಡುಕೊಂಡದ್ದು. ಹಳೆಯ ಕನ್ನಡಕವನ್ನು ಬಿಡಿಸಿ ಕಾಗದಗಳ ಮೇಲಿಟ್ಟಳು. ಪೆನ್ನಿನ ಮುಚ್ಚಳ ತೆಗೆದಳು. ಫ್ಲಾಸ್ಕಿನಿಂದ ಕಪ್ಪಿಗೆ ಚಹಾ ಬಗ್ಗಿಸಿ, ಒಂದು ಗುಟುಕು ಕುಡಿದು, ಅಂಚಿನ ಮೇಲಿನ ತುಟಿಯ ಗುರುತು ಓಡಾಡುವವರಿಗೆ ಕಾಣುವಂತೆ ತಿರುಗಿಸಿಟ್ಟಳು.

"ನೀನಿದ್ದಾಗಿನಕ್ಕಿಂತ ನೀನಿಲ್ಲದಾಗಲೇ ನಿನ್ನ ಸೀಟಲ್ಲಿ ಜಾಸ್ತಿ ಕೆಲಸ ನಡೀತಿರೋ ಹಾಗೆ ಕಾಣುತ್ತೆ ಕಣೇ," ಎಂದಳು ಪಕ್ಕದ ಸೀಟಿನ ಗೆಳತಿ. ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಮಾತಾಡುತ್ತಾಳೆಂದು ಆಫೀಸಿನಲ್ಲಿ ಎಲ್ಲರೂ ಅವಳನ್ನು ಚಟಪಟ ಎಂದೇ ಕರೆಯುತ್ತಿದ್ದರು. ಅವಳೂ ಆ ಹೆಸರಿಗೆ ಓಗೊಡುತ್ತಿದ್ದಳು.

"ಮೆಲ್ಲಗೆ ಮಾತಾಡೇ. ಯಾರಾದ್ರೂ ಕೇಳಿದ್ರೆ?"

"ಹೊಟ್ಟೆ ಸರಿ ಇಲ್ಲ, ಬಾತ್‌ರೂಮಿಗೆ ಹೋದ್ಳು ಅಂತೀನಿ."

"ನಿನ್ನೇನೂ ಅದನ್ನೇ ಹೇಳಿದ್ಯಲ್ಲ."

"ನಿನ್ನ ಹೊಟ್ಟೆ ಬಗ್ಗೆ ಈ ಆಫೀಸಲ್ಲಿ ಯಾರಿಗೂ ಒಳ್ಳೆ ಅಭಿಪ್ರಾಯ ಇಲ್ಲ ಬಿಡು. ಹೋಗು, ಹೋಗು. ಚಹಾ ಆರಿದ್ರೆ ಬಿಸಿ ಹಾಕ್ತೀನಿ."

ಸೂಪಿನ ಡಬ್ಬಿಯಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಇಳಿದು, ಕಸದ ಡಬ್ಬಗಳ ಪಕ್ಕದ ಬಾಗಿಲಿನಿಂದ ಅವಳು ಹೊರಬಿದ್ದಳು. ಮುಂಬಾಗಿಲಿನಲ್ಲಿ ಕಾರ್ಡು ತೋರಿಸಬೇಕು, ಹೊರಟ ಹೊತ್ತು ದಾಖಲಾಗುತ್ತದೆ. ಇಲ್ಲಿ ಯಾರೂ ಕೇಳುವವರಿಲ್ಲ.

ಹಿಂದಿನ ಬೀದಿಯಲ್ಲಿ ಅರ್ಧ ಕಟ್ಟಡಗಳಿಗೆ ಗಾಜಿನ ಮೈ. ಅದರಲ್ಲಿ ತನ್ನ ಬಿಂಬ ಓಡುವುದನ್ನು ನೋಡುತ್ತ ಅವಳು ದಿನಾ ಹೋಗುತ್ತಿದ್ದಳು. ನಡಿಗೆಯಲ್ಲ, ಓಟವೂ ಅಲ್ಲ; ಬಸ್ಸು ತಪ್ಪೀತು ಅನ್ನುವವರ ನಡೆ. ಎರಡು ತಿರುವು ದಾಟಿದರೆ ಜೆರಾಕ್ಸ್ ಅಂಗಡಿ, ಅದರ ಪಕ್ಕದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆ. ಆಫೀಸಿಗೆ ಹತ್ತಿರವಾಗಲೆಂದೇ ಅಮ್ಮನನ್ನು ಅಲ್ಲಿ ಸೇರಿಸಿದ್ದಳು.

ಬೆಳಿಗ್ಗೆ, ರಾತ್ರಿ ಯಾರು ಕೊಟ್ಟರೂ ಅಮ್ಮ ತಿನ್ನುತ್ತಿದ್ದಳು. ಮಧ್ಯಾಹ್ನ ಮಾತ್ರ ಹಟ. ಮಧ್ಯಾಹ್ನ ಅಕ್ಕ ಬರಬೇಕು. ಅಮ್ಮ ಚಿಕ್ಕವಳಿದ್ದಾಗ ಅವಳ ಅಕ್ಕ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳಂತೆ. ಮಧ್ಯಾಹ್ನ ಓಡಿ ಬಂದು, ತಂಗಿಗೆ ಉಣ್ಣಿಸಿ, ಮತ್ತೆ ಓಡುತ್ತಿದ್ದಳಂತೆ. ಆ ದೊಡ್ಡಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಆದರೆ ಅಮ್ಮನ ಮಧ್ಯಾಹ್ನಗಳಲ್ಲಿ ಅವಳು ಇನ್ನೂ ಓಡಿ ಬರುತ್ತಲೇ ಇದ್ದಳು. ಮಗಳ ಮುಖದಲ್ಲಿ ಅಮ್ಮನಿಗೆ ಕಾಣುತ್ತಿದ್ದದ್ದು ಮಗಳಲ್ಲ.

"ಅಕ್ಕಾ, ಬಂದ್ಯಾ? ನೀನು ತಿಂದ್ಯಾ?"

"ಹೂಂ ಕಣೇ ಪುಟ್ಟಿ. ನಂದಾಯ್ತು. ನೀನು ಬಾಯಿ ತೆಗಿ."

ತನ್ನನ್ನು ಹೆತ್ತವಳನ್ನು ಪುಟ್ಟಿ ಎಂದು ಕರೆಯುವಾಗ ಮೊದಮೊದಲು ಯಾರಾದರೂ ಕೇಳಿಸಿಕೊಂಡಾರೆಂದು ಬಾಗಿಲ ಕಡೆ ನೋಡಿಕೊಳ್ಳುತ್ತಿದ್ದಳು. ಒಂದು ದಿನ "ನಾನು ನಿನ್ನ ಮಗಳಮ್ಮ" ಎಂದು ಹೇಳಿ ನೋಡಿದ್ದಳು. ಅಮ್ಮ ಹೆದರಿ ಬಾಯಿ ಬಿಗಿದುಕೊಂಡವಳು ಸಂಜೆಯವರೆಗೂ ತೆಗೆದಿರಲಿಲ್ಲ. ಅಂದಿನಿಂದ ಅವಳು ಮಗಳಾಗುವುದನ್ನು ಬಿಟ್ಟಳು.

ಮ್ಯಾನೇಜರನ್ನು ಕೇಳದೆ ಇರಲಿಲ್ಲ. ಅವಳಿಗಿಂತ ಚಿಕ್ಕವನು, ಕೆಟ್ಟವನಲ್ಲ. ಗಾಜಿನ ಕೋಣೆಯಲ್ಲಿ ಕೂರಿಸಿ, ನೀರು ಕೊಟ್ಟು, "ಊಟದ ಬಿಡುವಿನಲ್ಲಿ ಹೊರಗೆ ಹೋಗೋ ಹಾಗಿಲ್ಲ ಅನ್ನೋದು ಮೇಲಿನವರ ನಿಯಮ ಮೇಡಂ. ನಿಮಗೆ ಬಿಟ್ಟರೆ ನಾಳೆ ಎಲ್ಲರೂ ಕೇಳ್ತಾರೆ. ನಿಮ್ಮ ತಾಯಿ ಅಂದ್ರೆ ನನ್ನ ತಾಯಿ ಇದ್ದ ಹಾಗೆ, ಆದ್ರೆ..." ಎಂದಿದ್ದ. ಆ 'ಆದ್ರೆ' ಅಲ್ಲಿಗೇ ನಿಂತುಬಿಟ್ಟಿತ್ತು. ಹೊರಗೆ ಬಂದು ಕಣ್ಣೊರೆಸಿಕೊಂಡಾಗ ಚಟಪಟ ಅಂದಿದ್ದಳು, "ಅವನು ಬಗ್ಗಿ ಯಾರ ಮುಖಾನೂ ನೋಡಲ್ಲ ಕಣೇ. ಕುರ್ಚಿ ತುಂಬಿದ್ಯಾ ಅಂತಷ್ಟೇ ನೋಡ್ತಾನೆ. ಕುರ್ಚಿ ತುಂಬಿಸೋಣ ಬಿಡು." ಮಾರನೆಯ ದಿನ ಅವಳು ಮನೆಯ ಪೆಟ್ಟಿಗೆಯಿಂದ ದೊಡ್ಡಮ್ಮನ ಹಳೆಯ ಕಂದು ಸ್ವೆಟರನ್ನು ತಂದಳು. ದೊಡ್ಡಮ್ಮ ತಾನೇ ಹೆಣೆದು ತೊಡುತ್ತಿದ್ದದ್ದು. ಹಾಕಿಕೊಳ್ಳುವವರಿಲ್ಲದೆ ಉಳಿದಿತ್ತು; ಕುರ್ಚಿಯ ಪಾಲಿಗೆ ಆಯಿತು.

ಆ ದಿನವೂ ಅಮ್ಮನ ಬಾಯಿ ಒರೆಸಿ, ಖಾಲಿ ಡಬ್ಬಿ ಚೀಲಕ್ಕೆ ಹಾಕಿ, ಅದೇ ದಾರಿಯಲ್ಲಿ ವಾಪಸು ಬಂದಳು. ಆಫೀಸಿನ ತಿರುವಿನಲ್ಲಿ ಕಾಲು ನಿಂತಿತು.

ರಸ್ತೆಯ ತುಂಬ ಜನ. ಎಲ್ಲರೂ ತಲೆಯೆತ್ತಿ ತಮ್ಮದೇ ಕಟ್ಟಡವನ್ನು ನೋಡುತ್ತಿದ್ದರು. ಅವಳ ಮಹಡಿಯ ಕೆಳಗಿನ ಕಿಟಕಿಯೊಂದರಿಂದ ಬೂದು ಹೊಗೆ ಸೋಮಾರಿಯ ಹಾಗೆ ಹೊರಬರುತ್ತಿತ್ತು. ಅಗ್ನಿಶಾಮಕ ಗಾಡಿ ಆಗಲೇ ಬಂದು ನಿಂತಿತ್ತು.

ಚಟಪಟ ಜನರನ್ನು ತಳ್ಳಿಕೊಂಡು ಬಂದು ಅವಳ ರಟ್ಟೆ ಹಿಡಿದಳು. ಚೀಲವನ್ನು ಕಿತ್ತುಕೊಂಡು ತನ್ನ ದುಪಟ್ಟಾದ ಕೆಳಗೆ ತುರುಕಿದಳು.

"ಬಾತ್‌ರೂಮಲ್ಲಿದ್ದೆ, ಹಿಂದಿನ ಮೆಟ್ಟಿಲಿಂದ ಇಳಿದೆ ಅನ್ನು. ಬೇರೆ ಏನೂ ಹೇಳಬೇಡ."

"ಏನಾಯ್ತೇ?"

"ಪೀಪಿ ಮಾಮ ನಿನ್ನ ಹುಡುಕ್ಕೊಂಡು ಮೇಲೆ ಹೋಗಿದ್ದಾರೆ."

ಪೀಪಿ ಮಾಮ ಕಡತಗಳ ಕೋಣೆಯವರು. ನಿವೃತ್ತಿಗೆ ಹತ್ತಿರವಾದವರು. ಬೆಂಕಿ ಬಿದ್ದರೆ ಮಹಡಿಯ ಜನರನ್ನು ಕೆಳಗಿಳಿಸುವ ಜವಾಬ್ದಾರಿ ಯಾರಿಗೆ ಬೇಕು ಎಂದು ಕೇಳಿದಾಗ ಕೈಯೆತ್ತಿದವರು ಅವರೊಬ್ಬರೇ. ಅದಕ್ಕೆಂದು ಕೊಟ್ಟ ಹಳದಿ ಟೋಪಿಯನ್ನು ಮೇಜಿನ ಮೇಲೆ, ಪೀಪಿಯನ್ನು ಕೊರಳಲ್ಲಿ ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದರು. ಅಭ್ಯಾಸಕ್ಕೆಂದು ಗಂಟೆ ಬಾರಿಸಿದಾಗಲೆಲ್ಲ ಜನ ಫೋನು ನೋಡುತ್ತ ಇಳಿಯುತ್ತಿದ್ದರು. ಇವರು ಮಾತ್ರ ಪ್ರತಿ ಬಾತ್‌ರೂಮಿನ ಬಾಗಿಲು ಬಡಿದು, ಮೇಜಿನ ಕೆಳಗೆ ಬಗ್ಗಿ ನೋಡಿ, ಕೊನೆಯವರಾಗಿ ಬರುತ್ತಿದ್ದರು. "ಮಾಮ, ಮೇಜಿನ ಕೆಳಗೆ ಯಾರಿರ್ತಾರೆ?" ಎಂದು ನಕ್ಕರೆ, "ಹೆದರಿದವರು ಎಲ್ಲಿ ಬೇಕಾದರೂ ಇರ್ತಾರಪ್ಪ," ಅನ್ನುತ್ತಿದ್ದರು.

ಆ ಮಧ್ಯಾಹ್ನ ನಡೆದದ್ದು ಅವಳಿಗೆ ಆಮೇಲೆ ಚೂರುಚೂರಾಗಿ ತಿಳಿಯಿತು. ಕೆಳಗಿನ ಮಹಡಿಯ ವೈರು ಸುಟ್ಟಿತ್ತು. ಗಂಟೆ ಬಾರಿಸಿತು. ಪೀಪಿ ಮಾಮ ಎಲ್ಲರನ್ನೂ ಹಿಂದಿನ ಮೆಟ್ಟಿಲಿನಿಂದಲೇ ಇಳಿಸಿ, ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ತಾವು ಇಳಿದರು. ರಸ್ತೆಯಲ್ಲಿ ನಿಂತು ಹೆಸರು ಕೂಗಿದರು. ಅವಳ ಹೆಸರಿಗೆ ಯಾರೂ ಓಗೊಡಲಿಲ್ಲ. ಮಾಮ ಮತ್ತೆ ಕೂಗಿದರು. ಎಲ್ಲರೂ ಚಟಪಟನ ಕಡೆ ನೋಡಿದರು, ಮ್ಯಾನೇಜರನೂ ನೋಡಿದ. ಆಗ ಚಟಪಟನ ಬಾಯಿಂದ ದಿನಾ ಬರುವ ಮಾತೇ ಬಂದುಬಿಟ್ಟಿತು: "ಸೀಟಲ್ಲೇ ಇದ್ಳು ಮಾಮ, ಈಗ ತಾನೆ ನೋಡ್ದೆ."

ಮಾಮ ಟೋಪಿ ಬಿಗಿ ಮಾಡಿಕೊಂಡು ಒಳಗೆ ಓಡಿದ್ದರು. ಬೇಡ ಬೇಡ ಎಂದು ಮ್ಯಾನೇಜರ್ ಕೂಗಿದ್ದು ಅವರಿಗೆ ಕೇಳಿಸಿತೋ ಇಲ್ಲವೋ.

ಅವರನ್ನು ಸ್ಟ್ರೆಚರಿನಲ್ಲಿ ಹೊತ್ತು ತಂದರು. ಇಳಿಯುವಾಗ ಹೊಗೆಯಲ್ಲಿ ಮೆಟ್ಟಿಲು ತಪ್ಪಿ ಬಿದ್ದಿದ್ದರು. ಮುಖವೆಲ್ಲ ಮಸಿ. ಹಳದಿ ಟೋಪಿಯನ್ನು ಯಾರೋ ಎದೆಯ ಮೇಲಿಟ್ಟಿದ್ದರು. ಅವಳ ಮುಂದೆ ಹಾದು ಹೋಗುವಾಗ ಅವರ ಕಣ್ಣು ಅವಳ ಮೇಲೆ ಬಿತ್ತು. ಕೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡರು.

"ಬಂದ್ಯಾ ತಾಯಿ? ಸದ್ಯ."

ಅಷ್ಟೇ ಅಂದದ್ದು. ಆಂಬುಲೆನ್ಸಿನ ಬಾಗಿಲು ಹಾಕಿಕೊಂಡಿತು. ಮಣಿಕಟ್ಟಿನ ಮೇಲೆ ಅವರ ಬೆರಳಿನ ಮಸಿ ಉಳಿಯಿತು.

ಅವಳ ಕೆಲಸ ವಿಮೆ ಕಂಪನಿಯ ಪರಿಹಾರ ವಿಭಾಗದಲ್ಲಿ. ಅಪಘಾತವಾದವರು ತಮಗೆ ಆದದ್ದನ್ನು ಬರೆದು ಕಳಿಸುತ್ತಾರೆ. ಯಾವುದು ನಿಜ, ಯಾವುದು ಕಟ್ಟಿದ್ದು ಎಂದು ಓದಿ ಹೇಳುವುದು ಅವಳ ಅನ್ನ. ಸುಳ್ಳು ಹೇಳುವವರು ಬೇಡದ ವಿವರಗಳನ್ನೆಲ್ಲ ಹೇಳುತ್ತಾರೆ, ಆ ದಿನ ಬಿಸಿಲಿತ್ತು, ನಾಯಿ ಅಡ್ಡ ಬಂತು, ನನ್ನ ಚಪ್ಪಲಿ ಹೊಸದು ಎಂದು. ಹಾಗಾಗಿ ಗಾಜಿನ ಕೋಣೆಯಲ್ಲಿ ಮುಖ್ಯ ಕಚೇರಿಯಿಂದ ಬಂದ ಸುರಕ್ಷತಾ ಅಧಿಕಾರಿ "ಯಾವ ಕಡೆಯಿಂದ ಇಳಿದಿರಿ ಮೇಡಂ?" ಎಂದು ಕೇಳಿದಾಗ ಅವಳು ವಿವರ ಕೊಡಲಿಲ್ಲ.

"ಹಿಂದಿನ ಮೆಟ್ಟಿಲಿಂದ."

"ಹೆಸರು ಕೂಗಿದ್ದು ಕೇಳಿಸಲಿಲ್ವಾ?"

"ಗಲಾಟೆ ಇತ್ತು."

ಅಧಿಕಾರಿ ತಲೆಯಾಡಿಸಿದ. ಅವಳನ್ನು ನಂಬಿದ. ಅವಳಾಗಿದ್ದರೂ ನಂಬುತ್ತಿದ್ದಳು.

ತೀರ್ಮಾನ ಬೇಗ ಬಂತು. ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ. ಆದರೆ ತಮ್ಮ ಎದುರೇ ಇಳಿದು ಹೋದವರನ್ನು ಗಮನಿಸಿಲ್ಲ. ವಯಸ್ಸಾಯಿತು. ಮೇಲೆ ಹೋಗಬಾರದೆಂಬ ನಿಯಮವನ್ನೂ ಮೀರಿದ್ದಾರೆ. ಬಿದ್ದು ಮುರಿದ ಸೊಂಟ ಕೂಡಿಕೊಂಡರೂ ಇನ್ನು ಕೆಲಸಕ್ಕೆ ಬರುವುದು ಬೇಡ, ಮನೆಯಲ್ಲೇ ವಿಶ್ರಾಂತಿ ತೆಗೆದುಕೊಳ್ಳಲಿ. ಮಹಡಿಯಲ್ಲಿ ಒಂದು ವಾರ ಅದೇ ಮಾತು. "ಪೀಪಿ ಮಾಮಂಗೆ ಕಣ್ಣಿಗೆ ಪೊರೆ ಬಂದಿತ್ತು ಕಣ್ರೋ." "ಪೊರೆ ಅಲ್ವೋ, ತಲೇನೇ. ಹೋದ ತಿಂಗಳು ನನ್ನ ಫೈಲು ಕೊಡೋಕೆ ಮೂರು ಸಲ ಹೆಸರು ಕೇಳಿದ್ರು." ಒಮ್ಮೆ ಬುದ್ಧಿ ಮಂಕಾಗಿದೆ ಅಂದಮೇಲೆ ಎಲ್ಲರಿಗೂ ಒಂದೊಂದು ಪುರಾವೆ ಸಿಕ್ಕುತ್ತದೆ.

ಟೋಪಿ ಮತ್ತು ಪೀಪಿಯನ್ನು ಮ್ಯಾನೇಜರ್ ಚಟಪಟನಿಗೆ ಕೊಟ್ಟ. "ನಿಮ್ಮ ಗಂಟಲು ಗಟ್ಟಿ ಇದೆ" ಎಂದು ನಕ್ಕ. ಎಲ್ಲರೂ ನಕ್ಕರು. ಚಟಪಟ ಎರಡನ್ನೂ ಡ್ರಾಯರಿನ ಒಳಗೆ ಹಾಕಿ ಬೀಗ ಹಾಕಿದಳು.

ಮಧ್ಯಾಹ್ನವಾದರೆ ಮಾತ್ರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಹಳೆಯ ಕೆಲಸ ಮಾಡುತ್ತಿದ್ದರು. ಒಬ್ಬಳು ಸ್ವೆಟರು ಹಾಕುವಳು, ಒಬ್ಬಳು ಚಹಾ ಬಗ್ಗಿಸುವಳು. ಅಮ್ಮ ಕಾಯುತ್ತಿರುತ್ತಾಳಲ್ಲ.

ರಾತ್ರಿ ಪಾತ್ರೆ ತೊಳೆಯುತ್ತ ಗಂಡ ಎಂದಿನಂತೆ ಕೇಳುತ್ತಿದ್ದ, "ಇವತ್ತು ಅತ್ತೆ ಊಟ ಮಾಡಿದ್ರಾ?" ಬಸ್ಸುಗಳ ರಿಪೇರಿ ಮಾಡುವವನು; ಕೈಯ ಗ್ರೀಸು ಹೋಗಲೆಂದೇ ಪಾತ್ರೆ ತೊಳೆಯುವ ಪಾಳಿ ತನ್ನದಿರಲಿ ಎನ್ನುತ್ತಿದ್ದ. ಒಂದೆರಡು ಸಲ ಅವಳು ಬಾಯಿ ತೆರೆದಳು. "ಏನೇ?" ಎಂದು ಅವನು ನಲ್ಲಿ ನಿಲ್ಲಿಸಿದ. "ಏನಿಲ್ಲ, ಆ ಸೌಟು ಇನ್ನೊಂದ್ಸಲ ಉಜ್ಜಿ," ಎಂದಳು.

ಭಾನುವಾರ ಚಟಪಟನ ಜೊತೆ ಮಾಮನ ಮನೆಗೆ ಹೋದಳು. ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಹೋದದ್ದು.

ಕೆಳಗಿನ ಮನೆ, ಸಣ್ಣ ಹಜಾರ. ಮಾಮ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಹಿಡಿದು ನಡೆಯುವ ಕಂಬಿ ಗೋಡೆಗೆ ಆನಿಸಿತ್ತು. ಕೊರಳಲ್ಲಿ ಪೀಪಿ ಇರಲಿಲ್ಲ. ಅದಿಲ್ಲದೆ ಅವರು ಯಾರೋ ಬೇರೆಯವರ ಹಾಗೆ ಕಂಡರು. ಇವರಿಬ್ಬರನ್ನು ಕಂಡು ಮುಖ ಅರಳಿತು.

"ಬನ್ರಮ್ಮ ಬನ್ರಿ. ಏನೇ ಚಟಪಟ, ಈಗ ನೀನಂತೆ ಪೀಪಿ? ಊದಿದ್ಯೋ ಇಲ್ವೋ?"

"ಇಲ್ಲ ಮಾಮ. ನನ್ನ ಬಾಯಿಗೆ ಪೀಪಿ ಬೇರೆ ಬೇಕಾ?"

ಮಾಮ ನಕ್ಕರು. ನಗುವಾಗ ಸೊಂಟ ಹಿಡಿದುಕೊಂಡರು. ಅವರ ಹೆಂಡತಿ ನೀರು ತಂದುಕೊಟ್ಟು, ಅಲ್ಲೇ ಬಾಗಿಲಿಗೆ ಒರಗಿ ನಿಂತರು.

"ಸೊಂಟದ್ದು ಏನಿಲ್ಲಮ್ಮ, ಕೂಡಿಕೊಳ್ಳುತ್ತೆ," ಎಂದರು ಆಕೆ, ಗಂಡ ಅಲ್ಲಿಲ್ಲವೇನೋ ಎಂಬಂತೆ ತಗ್ಗಿದ ದನಿಯಲ್ಲಿ. "ಇವರಿಗೆ ಇವರ ಮೇಲೇ ನಂಬಿಕೆ ಹೋಗಿದೆ. ಮಾತ್ರೆ ತಗೊಂಡ್ನಾ ಅಂತ ಕೇಳ್ತಾರೆ, ತಗೊಂಡ್ರಿ ಅಂದ್ರೆ ನೀನು ನೋಡಿದ್ಯಾ ಅಂತಾರೆ. ಮಗಳು ಫೋನ್ ಮಾಡಿದ್ರೆ ಮಾತಾಡಲ್ಲ, ತಪ್ಪು ಹೇಳಿಬಿಟ್ಟರೆ ಅಂತ."

"ಹೇಳಲಿ ಬಿಡು, ಮುಚ್ಚಿಡೋಕೇನಿದೆ," ಎಂದರು ಮಾಮ. ಅವಳ ಕಡೆ ತಿರುಗಿದರು. "ನಾನು ಆ ಬಾಗಿಲಲ್ಲೇ ನಿಂತಿದ್ದೆ ತಾಯಿ. ಹಿಂದಿನ ಮೆಟ್ಟಿಲ ಬಾಗಿಲಲ್ಲಿ. ಒಬ್ಬೊಬ್ಬರ ಮುಖಾನೂ ನೋಡಿ ಕಳಿಸ್ದೆ. ಕೊನೇಲಿ ನಾನಿಳಿದೆ. ನೀನು ನನ್ನ ಮುಂದೇನೇ ಹೋಗಿರಬೇಕು ಅಲ್ವಾ? ನನಗೆ ಕಾಣಲೇ ಇಲ್ವಲ್ಲ."

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮೊದಲು ನಾನು ವಾದ ಮಾಡ್ದೆ. ಇಲ್ಲ, ಆ ಹುಡುಗಿ ಇಳೀಲಿಲ್ಲ, ನಾನು ನೋಡಿದ್ದೀನಿ ಅಂತ. ಆಮೇಲೆ ಅವರೇ ಕೇಳಿದ್ರು, ಹಾಗಾದ್ರೆ ಆ ಹುಡುಗಿ ಯಾಕೆ ಸುಳ್ಳು ಹೇಳ್ತಾಳೆ ಅಂತ. ಅದೂ ನಿಜ ಅಲ್ವಾ. ನೀನು ಯಾಕೆ ಸುಳ್ಳು ಹೇಳ್ತೀಯ?" ಮಾಮ ತಮ್ಮ ಬಲಗೈಯನ್ನು ಮಡಚಿ ಬಿಡಿಸಿ ನೋಡಿಕೊಂಡರು. "ಮೇಲೆ ಹೋದಾಗ ನಿನ್ನ ಸ್ವೆಟರಿತ್ತು. ಒಂದು ತೋಳು ಒಳಗೆ ಹೋಗಿತ್ತು. ಕಪ್ಪು ಮುಟ್ಟಿ ನೋಡ್ದೆ, ಬಿಸಿ ಇತ್ತು. ಇಲ್ಲೇ ಇದ್ದಾಳೆ ಅಂದ್ಕೊಂಡೆ. ಎಲ್ಲಾ ಬಾತ್‌ರೂಮು, ಎಲ್ಲಾ ಮೇಜಿನ ಕೆಳಗೂ... ಬಿಸಿ ಇತ್ತೋ, ಇತ್ತು ಅಂತ ನನಗೇ ಅನ್ನಿಸ್ತೋ. ಈಗ ಅದೂ ಗೊತ್ತಾಗಲ್ಲ."

"ಬಿಸಿ ಇತ್ತು ಮಾಮ," ಎಂದಳು ಅವಳು. ಚಟಪಟ ಅವಳ ಕಾಲನ್ನು ತನ್ನ ಕಾಲಿನಿಂದ ಒತ್ತಿದಳು.

"ಇತ್ತಾ? ಹಾಗಾದ್ರೆ ಕೈ ಸರಿ ಇದೆ, ಕಣ್ಣು, ತಲೆಯಷ್ಟೇ ಹೋಗಿರೋದು," ಮಾಮ ತಮಾಷೆ ಮಾಡಲು ನೋಡಿದರು. ಅವರ ಹೆಂಡತಿ ಒಳಗೆ ಹೋದರು. "ಶುಕ್ರವಾರ ಮರೆವಿನ ಡಾಕ್ಟರ ಹತ್ರ ಹೋಗ್ತಿದ್ದೀವಿ. ನಿನ್ನನ್ನೇ ಕೇಳಬೇಕು ಅಂತಿದ್ದೆ ತಾಯಿ. ನಿಮ್ಮ ಅಮ್ಮನಿಗೂ ಹೀಗೇ ಶುರುವಾಯ್ತಂತಲ್ಲ? ಎದುರಿಗೆ ಇದ್ದದ್ದು ಕಾಣದ ಹಾಗೆ? ಅಲ್ಲಿ ಏನೇನು ಕೇಳ್ತಾರೆ? ಸ್ವಲ್ಪ ಓದಿಕೊಂಡು ಹೋದ್ರೆ ನಡೆಯುತ್ತಾ?"

ಪರೀಕ್ಷೆಗೆ ಹೋಗುವ ಮಕ್ಕಳ ಹಾಗೆ ಅವರು ಅವಳ ಮುಖ ನೋಡಿದರು.

ಅವಳಿಗೆ ಅಮ್ಮನನ್ನು ಕರೆದೊಯ್ದಿದ್ದ ಡಾಕ್ಟರ ಕೋಣೆ ನೆನಪಾಯಿತು. ಇವತ್ತು ಯಾವ ವಾರ ಅಮ್ಮ? ಗಡಿಯಾರದ ಚಿತ್ರ ಬರೀರಿ. ಇಲ್ಲಿ ಕೂತಿರೋರು ಯಾರು ಹೇಳಿ? ಅಮ್ಮ ಅವಳನ್ನು ತುಂಬ ಹೊತ್ತು ನೋಡಿ, ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ, "ನಮ್ಮವರೇ" ಅಂದಿದ್ದಳು.

"ಸುಮ್ನೆ ಮಾತಾಡಿಸ್ತಾರೆ ಅಷ್ಟೇ ಮಾಮ," ಎಂದಳು.

ಇಬ್ಬರೂ ಬಸ್ ಸ್ಟಾಪಿಗೆ ಬಂದರು. ಚಟಪಟನೇ ಮೊದಲು ಶುರು ಮಾಡಿದಳು.

"ನೀನು ಏನು ಯೋಚನೆ ಮಾಡ್ತಿದ್ದೀಯ ಗೊತ್ತು ನನಗೆ. ಬೇಡ."

"ಅವರು ಹುಚ್ಚರಾಗ್ತಾರೆ ಕಣೇ. ತಲೆ ಸರಿಯಿರೋ ಮನುಷ್ಯ."

"ಶುಕ್ರವಾರ ಡಾಕ್ಟರು ನೋಡಿ ಸರಿ ಇದೆ ಅಂತಾರೆ. ಮುಗೀತಲ್ಲ."

"ಹೆದರಿಕೊಂಡು ಹೋಗಿ ಕೂತರೆ ನಿನಗೂ ನನಗೂ ವಾರ ನೆನಪಿರಲ್ಲ. ಸರಿ ಇದೆ ಅಂದ್ರೂ ಅವರು ನಂಬಲ್ಲ. ಎದುರಿಗೆ ಹೋದವಳು ಕಾಣಲಿಲ್ಲ ಅನ್ನೋದು ಎಲ್ಲಿ ಹೋಗುತ್ತೆ?"

"ನೀನು ಹೇಳು. ಹೇಳಿ ಕೆಲಸ ಕಳ್ಕೋ. ನಿನಗೆ ಗಂಡ ಇದ್ದಾನೆ, ದುಡೀತಾನೆ. ನನಗ್ಯಾರಿದ್ದಾರೆ? ಎರಡು ಮಕ್ಕಳು, ಆ ಮುದುಕಿ ಅತ್ತೆ. 'ಈಗ ತಾನೆ ನೋಡ್ದೆ' ಅಂದವಳು ನಾನು. ಅವರನ್ನ ಮೇಲೆ ಕಳಿಸಿದವಳು ನಾನು. ಗೊತ್ತಾ?" ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡಳು. "ಅಮ್ಮನಿಗೆ ಉಣ್ಣಿಸೋಕೆ ಹೋಗು ಅಂತ ಹೇಳಿದ್ದು ತಪ್ಪಾ ಈಗ?"

"ತಪ್ಪಲ್ಲ ಕಣೇ."

"ಮತ್ತೆ?"

ಬಸ್ಸು ಬಂತು. ಚಟಪಟ ಹತ್ತಿ ಕಿಟಕಿಯ ಪಕ್ಕ ಕೂತಳು, ತಿರುಗಿ ನೋಡಲಿಲ್ಲ.

ಸೋಮವಾರ, ಮಂಗಳವಾರ, ಬುಧವಾರ. ಮೇಜಿನ ಮೇಲೆ ಅಪಘಾತದ ಕಾಗದಗಳು ಬರುತ್ತಲೇ ಇದ್ದವು. ಒಬ್ಬ ಮುದುಕ ಬರೆದಿದ್ದ: 'ನಾನು ನೋಡಿಕೊಂಡೇ ರಸ್ತೆ ದಾಟಿದೆ. ಗಾಡಿ ಇರಲಿಲ್ಲ. ಆದರೆ ಎಲ್ಲರೂ ಇತ್ತು ಅನ್ನುತ್ತಾರೆ, ಹಾಗಾಗಿ ಇದ್ದಿರಬೇಕು.' ಅವಳು ಆ ಕಾಗದವನ್ನು ಎಲ್ಲಕ್ಕಿಂತ ಕೆಳಗಿಟ್ಟಳು. ಸಂಜೆಗೆ ಅದೇ ಮತ್ತೆ ಮೇಲೆ ಬಂದಿತ್ತು.

ಗುರುವಾರ ಮಧ್ಯಾಹ್ನ ಸ್ವೆಟರನ್ನು ಕುರ್ಚಿಗೆ ಹಾಕಿದಳು. ತೋಳು ಒಳಗೆ ತಿರುಗಿಸಿದಳು. ಕನ್ನಡಕ ಬಿಡಿಸಿಟ್ಟಳು. ಪೆನ್ನು ತೆರೆದಳು. ಕಪ್ಪಿಗೆ ಚಹಾ ಬಗ್ಗಿಸಿ ಗುಟುಕು ಕುಡಿಯಲು ಎತ್ತಿದವಳಿಗೆ ಬೆರಳಿಗೆ ಬಿಸಿ ತಾಗಿತು. ಬಿಸಿ ಇತ್ತೋ, ಇತ್ತು ಅಂತ ನನಗೇ ಅನ್ನಿಸ್ತೋ.

ಕಪ್ಪನ್ನು ತೆಗೆದುಕೊಂಡು ಹೋಗಿ ಸಿಂಕಿಗೆ ಸುರಿದಳು. ತೊಳೆದಳು. ತುಟಿಯ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದು ಮಗುಚಿ ಇಟ್ಟಳು. ಬಂದು ಕನ್ನಡಕ ಮಡಚಿದಳು, ಪೆನ್ನಿಗೆ ಮುಚ್ಚಳ ಹಾಕಿದಳು. ಸ್ವೆಟರಿನ ತೋಳನ್ನು ಹೊರಗೆಳೆದು ಸರಿಮಾಡಿ, ತೊಟ್ಟುಕೊಂಡು, ಗುಂಡಿ ಹಾಕಿಕೊಳ್ಳತೊಡಗಿದಳು. ಎಷ್ಟು ದಿನದಿಂದ ಕುರ್ಚಿಯ ಮೇಲಿತ್ತೋ, ಹೆಗಲ ಬಳಿ ಕುರ್ಚಿಯ ಆಕಾರ ಬಂದಿತ್ತು.

"ಏಯ್," ಎಂದಳು ಚಟಪಟ ಪಿಸುದನಿಯಲ್ಲಿ. "ಸ್ವೆಟರು?"

"ಚಳಿ ಆಗ್ತಿದೆ."

"ಈ ಬಿಸಿಲಲ್ಲಾ?"

ಅವಳು ಕೊನೆಯ ಗುಂಡಿ ಹಾಕಿಕೊಂಡಳು. ಚಟಪಟ ಬರಿದಾದ ಕುರ್ಚಿಯನ್ನು ನೋಡಿದಳು, ಅವಳನ್ನು ನೋಡಿದಳು. ಅವಳು ಚೀಲ ಹೆಗಲಿಗೇರಿಸಿ ಗಾಜಿನ ಕೋಣೆಯ ಮುಂದಿನಿಂದಲೇ ನಡೆದಳು. ಮ್ಯಾನೇಜರ್ ಫೋನಿನಲ್ಲಿದ್ದ, ತಲೆಯೆತ್ತಿ ನೋಡಿ, ಅಭ್ಯಾಸಬಲದಿಂದ ಮುಗುಳ್ನಕ್ಕ. ಮುಂಬಾಗಿಲಿನಲ್ಲಿ ಕಾರ್ಡು ತೋರಿಸಿದಳು. ಯಂತ್ರ ಪೀಪ್ ಎಂದು ದಾರಿ ಬಿಟ್ಟಿತು.

ಬೀದಿಯ ಬಿಸಿಲಿಗೆ ಬೆನ್ನು ಬೆವೆತಿತು. ಆದರೂ ಗುಂಡಿ ಬಿಚ್ಚಲಿಲ್ಲ.

ಅಮ್ಮ ಕಿಟಕಿಯ ಪಕ್ಕ ಕುಳಿತಿದ್ದಳು. ಇವಳು ಒಳಗೆ ಬರುತ್ತಲೂ "ಅಕ್ಕಾ, ಬಂದ್ಯಾ?" ಎನ್ನಲು ಹೊರಟವಳು ಅರ್ಧಕ್ಕೆ ನಿಲ್ಲಿಸಿದಳು. ಕಣ್ಣು ಸ್ವೆಟರಿನ ಮೇಲಿತ್ತು. ಕೈ ಚಾಚಿ ಮೊದಲ ಗುಂಡಿ ಮುಟ್ಟಿದಳು, ಎರಡನೆಯದನ್ನು ಮುಟ್ಟಿದಳು. ಕೊನೆಯ ಗುಂಡಿ ಬೇರೆ ಬಣ್ಣದ್ದು, ಯಾವಾಗಲೋ ಬಿದ್ದುಹೋಗಿ ದೊಡ್ಡಮ್ಮ ಬೇರೆ ಹೊಲಿದದ್ದು. ಅದನ್ನು ಹಿಡಿದುಕೊಂಡಳು.

"ಇದನ್ನ ಇಷ್ಟು ದಿನ ಎಲ್ಲಿಟ್ಟಿದ್ದೆ ಅಕ್ಕ?"

"ಕೆಲಸದ ಕಡೆ ಮರೆತಿದ್ದೆ ಕಣೇ."

"ಮರೀಬಾರದು," ಎಂದಳು ಅಮ್ಮ, ಬುದ್ಧಿ ಹೇಳುವಂತೆ.

ಅಂದು ಅಮ್ಮ ಗುಂಡಿ ಬಿಡದೆ, ಹಟ ಮಾಡದೆ ತಿಂದಳು. ಡಬ್ಬಿಯಲ್ಲಿ ಇನ್ನೂ ಸ್ವಲ್ಪ ಇರುವಾಗ ಅವಳು ಎದ್ದಳು. ಅಮ್ಮನ ಬೆರಳನ್ನು ಒಂದೊಂದಾಗಿ ಬಿಡಿಸಿ, ಸ್ವೆಟರು ತೆಗೆದು, ಬಾಗಿಲ ಬಳಿ ಬಟ್ಟೆ ಮಡಚುತ್ತಿದ್ದ ಆಯಾಳನ್ನು ಕರೆದಳು.

"ಇದನ್ನ ಒಂದ್ಸಲ ಹಾಕ್ಕೊಳ್ಳಮ್ಮ."

"ನಾನಾ? ನನ್ನ ತೋಳಿಗೆ ಇದು ಹತ್ತುತ್ತಾ ಅಕ್ಕ?" ಆಯಾ ನಗುತ್ತ ಹೇಗೋ ತೊಟ್ಟುಕೊಂಡಳು. ಗುಂಡಿ ಕೂಡಲಿಲ್ಲ. ಅವಳು ಚಮಚವನ್ನು ಆಯಾಳ ಕೈಗೆ ಕೊಟ್ಟು ಹಿಂದೆ ಸರಿದಳು.

ಅಮ್ಮ ಆಯಾಳ ಮುಖ ನೋಡಿದಳು. ಇವಳ ಮುಖ ನೋಡಿದಳು. ತುಟಿ ಬಿಗಿಯಿತು. ಅವಳ ಎದೆಯಲ್ಲಿ ಎರಡು ಆಸೆಗಳು ಒಂದನ್ನೊಂದು ತಳ್ಳಿದವು: ತಿನ್ನಲಿ, ತಿನ್ನದಿರಲಿ. ಅಮ್ಮನ ಕೈ ನಿಧಾನವಾಗಿ ಮುಂದೆ ಹೋಗಿ ಆ ಬೇರೆ ಬಣ್ಣದ ಗುಂಡಿಯನ್ನು ಹುಡುಕಿ ಹಿಡಿಯಿತು. ಬಾಯಿ ತೆರೆಯಿತು.

ಒಂದು ಚಮಚ. ಎರಡನೆಯದಕ್ಕೆ ಮುಖ ತಿರುಗಿಸಿದಳು. ಮತ್ತೆ ತೆರೆದಳು.

"ಅರೆ, ಮಧ್ಯಾಹ್ನಾನೂ ನನ್ನ ಕೈಲಿ ತಿಂತಾರೆ!" ಎಂದಳು ಆಯಾ ಸಂಭ್ರಮದಿಂದ.

"ಹೂಂ," ಎಂದಳು ಅವಳು. ಗೋಡೆಗೆ ಕೈಯಾನಿಸಿ ನಿಂತಿದ್ದಳು. ಅಮ್ಮ ಇವಳ ಕಡೆ ಮತ್ತೆ ನೋಡಲಿಲ್ಲ. ಯಾರೋ ಬೇರೆಯವರನ್ನು ನೋಡಲು ಬಂದು ದಾರಿ ತಪ್ಪಿ ಈ ಕೋಣೆಗೆ ಬಂದವಳಂತೆ ಅವಳು ಚೀಲ ಎತ್ತಿಕೊಂಡಳು.

"ಸ್ವೆಟರು ಇಲ್ಲೇ ಇರಲಿ."

"ನಾಳೆ ನೀವು ಬರಲ್ವಾ ಅಕ್ಕ?"

"ನೋಡೋಣ."

ಬೀದಿಗೆ ಇಳಿದಾಗ ಬೆವೆತ ಬೆನ್ನಿಗೆ ಗಾಳಿ ತಾಗಿ ಮೈ ಜುಮ್ಮೆಂದಿತು. ಮಾಮನಿಗೆ ಮೊದಲು ಹೇಳಬೇಕು, ಶುಕ್ರವಾರದ ಮೊದಲು: ನೀವು ಆ ಬಾಗಿಲಲ್ಲಿ ನನ್ನನ್ನು ನೋಡಲಿಲ್ಲ, ಯಾಕೆಂದರೆ ನಾನು ಅಲ್ಲಿರಲಿಲ್ಲ. ಆಮೇಲೆ ಗಾಜಿನ ಕೋಣೆ. ಅಲ್ಲಿ ಕೇಳುತ್ತಾರೆ, ಈಗ ತಾನೆ ನೋಡಿದೆ ಎಂದಳಲ್ಲ ನಿಮ್ಮ ಗೆಳತಿ? ಪಾಪ, ಅವಳು ಸ್ವೆಟರು ನೋಡಿ ನಾನೇ ಅಂದುಕೊಂಡಳು, ಅವಳಿಗೇನೂ ಗೊತ್ತಿಲ್ಲ. ಅಷ್ಟೇ. ಬೇರೆ ವಿವರ ಬೇಡ.

ತಿರುವಿನಲ್ಲಿ ಎಡಕ್ಕೆ ಹೋದರೆ ಆಫೀಸು. ಚೀಲದೊಳಗೆ ಫೋನು ಹೊಡೆದುಕೊಂಡಿತು, ಚಟಪಟನ ಹೆಸರು. ಅದು ತಾನಾಗಿ ನಿಲ್ಲುವವರೆಗೂ ಸುಮ್ಮನೆ ನಿಂತಿದ್ದು, ಬಲಕ್ಕೆ, ಬಸ್ ಸ್ಟಾಪಿನ ಕಡೆಗೆ ನಡೆದಳು.